ನಪಾಸಾದ ರಸ್ತೆಗೆ ಡಾಂಬರಿಲ್ಲ

ಯಾವ ರಸ್ತೆಗೆ ಮೊದಲು ಡಾಂಬರು ಹಾಕಬೇಕು ಎಂಬುದನ್ನು ಕಣ್ಣಾರೆ ನೋಡಿ ತೀರ್ಮಾನಿಸುವ ಅನಾಗರಿಕ ಕಾಲ ಮುಗಿಯಿತು. ಈಗ ರಸ್ತೆಗಳಿಗೂ ಅಂಕಪಟ್ಟಿ ಉಂಟು, ಸೊನ್ನೆಯಿಂದ 100ರವರೆಗೆ. ಬಿರುಕೆಷ್ಟು, ಗುಂಡಿಯೆಷ್ಟು, ಚಕ್ರದ ಜಾಡಿನಲ್ಲಿ ಕುಸಿತವೆಷ್ಟು ಎಂದು ಅಳೆದು ಅಂಕ ಕಳೆಯುತ್ತಾರೆ. 10ಕ್ಕಿಂತ ಕೆಳಗಿಳಿದರೆ ನಪಾಸು. ನಪಾಸಾದವರಿಗೇ ಮೊದಲು ಪಾಠ ಎಂದು ನೀವು ಭಾವಿಸಿದ್ದರೆ, ನಿಮಗೆ ಯೋಜನಾ ವಿಭಾಗದ ಪರಿಚಯವಿಲ್ಲ.

ಡಾಂಬರು ರಸ್ತೆ ಮೊದಮೊದಲು ನಿಧಾನವಾಗಿ ಸವೆಯುತ್ತದೆ. ಬಿರುಕಿನೊಳಗೆ ನೀರಿಳಿದು ಬುನಾದಿ ಮೆತ್ತಗಾದ ಮೇಲೆ ಒಮ್ಮೆಲೇ ಕೆಡುತ್ತದೆ. ಆದ್ದರಿಂದ ಚೆನ್ನಾಗಿರುವಾಗಲೇ ಬಿರುಕು ಮುಚ್ಚಿ ತೆಳುವಾದ ಪದರ ಹಾಕಿದರೆ ಅಗ್ಗ. ಕೆಟ್ಟ ಮೇಲೆ ಬುನಾದಿಯಿಂದ ಕಟ್ಟಲು ಹೊರಟರೆ ಖರ್ಚು ಹಲವು ಪಟ್ಟು. ಎಂಜಿನಿಯರುಗಳ ಈ ಮಾತು ಅಪ್ಪಟ ಸತ್ಯ, ನನ್ನ ತಕರಾರಿಲ್ಲ. ಆದರೆ ಈ ಸತ್ಯ ಆಡಳಿತದ ಕೈಗೆ ಸಿಕ್ಕಿದ್ದೇ ತಡ, ಗಣ್ಯರ ಮನೆ ಮುಂದಿನ ನುಣುಪು ರಸ್ತೆಗೆ ಇನ್ನೊಂದು ಪದರ ಎಳೆಯುವುದಕ್ಕೆ ‘ಮುಂಜಾಗ್ರತಾ ನಿರ್ವಹಣೆ’ ಎಂದು ನಾಮಕರಣವಾಯಿತು.

ಇನ್ನು ಲಾರಿ ಓಡಾಡುವ ರಸ್ತೆಯ ಪಾಡು ಕೇಳಿ. 1958ರಿಂದ 1960ರವರೆಗೆ ಅಮೆರಿಕದ ಇಲಿನಾಯ್ಸ್‌ನಲ್ಲಿ ಲಾರಿಗಳನ್ನು ಎಡೆಬಿಡದೆ ಓಡಿಸಿ ನಡೆಸಿದ ಪರೀಕ್ಷೆಯ ಪ್ರಕಾರ, ಅಚ್ಚಿನ ಮೇಲಿನ ಭಾರ ಇಮ್ಮಡಿಯಾದರೆ ರಸ್ತೆಗಾಗುವ ಹಾನಿ ಸುಮಾರು 16 ಪಟ್ಟು. ಹಾಗಾಗಿ ಊರಿಗೆಲ್ಲ ಸರಕು ಹೊತ್ತು ತರುವ ರಸ್ತೆಯೇ ಬೇಗ ನಪಾಸಾಗುತ್ತದೆ. ಆದೊಡನೆ ದುರಸ್ತಿ ಪಟ್ಟಿಯಿಂದ ಅದರ ಹೆಸರು ಹೊಡೆದು ‘ಪುನರ್ನಿರ್ಮಾಣ’ ಪಟ್ಟಿಗೆ ಬಡ್ತಿ ಕೊಡುತ್ತಾರೆ. ಆ ಪಟ್ಟಿಗೆ ನಕ್ಷೆಯಿದೆ, ಕಡತ ಸಂಖ್ಯೆಯಿದೆ, ಪರಿಶೀಲನಾ ಸಮಿತಿಯೂ ಇದೆ. ಅನುದಾನ ಮಾತ್ರ ಬರಬೇಕು.

ಸಮೀಕ್ಷೆಗೆ ಮಾತ್ರ ಎಂದೂ ಬರವಿಲ್ಲ. ಬಂದವರು ಗುಂಡಿಯ ಸುತ್ತ ಬಿಳಿ ಬಣ್ಣದ ಚೌಕ ಎಳೆದು, ಪಕ್ಕದಲ್ಲಿ ಸಂಖ್ಯೆ ಬರೆದು ಹೋಗುತ್ತಾರೆ. ಮೊದಲ ಮಳೆಗೆ ಗುಂಡಿ ಗೆರೆಯ ಅಂಚಿಗೆ ಬರುತ್ತದೆ. ಇನ್ನೊಂದು ಮಳೆಗೆ ಚೌಕದ ಎರಡು ಬದಿ ನುಂಗುತ್ತದೆ. ಕೊನೆಗೆ ಒಂದು ಮೂಲೆಯೂ ಅರ್ಧ ಸಂಖ್ಯೆಯೂ ಉಳಿದಿರುವಾಗ, ಅಳತೆ ಹಳೆಯದಾಯಿತೆಂದು ಮರುಸಮೀಕ್ಷೆಯವರು ಬಂದು ದೊಡ್ಡ ಚೌಕ ಎಳೆಯುತ್ತಾರೆ.

ಗಣ್ಯರ ಭೇಟಿ ಗೊತ್ತಾದರೆ ಅಂಕಪಟ್ಟಿ, ಆದ್ಯತಾ ಪಟ್ಟಿ ಎರಡೂ ರಜೆ ಮೇಲೆ ಹೋಗುತ್ತವೆ. ರಾತ್ರೋರಾತ್ರಿ ಡಾಂಬರು ಬೀಳುತ್ತದೆ, ಅವರ ವಾಹನ ತಿರುಗುವ ತಿರುವಿನವರೆಗೆ. ಒಂದಡಿ ಆಚೆಗಿಲ್ಲ.

ಅದರ ಬೆನ್ನಿಗೇ ಒಳಚರಂಡಿಯವರು ಪಿಕಾಸಿ ಹಿಡಿದು ಬರುತ್ತಾರೆ. ಸುಮ್ಮನೆ ಅವರನ್ನು ಬೈಯಬೇಡಿ. ಅವರದೂ ಒಂದು ಆದ್ಯತಾ ಪಟ್ಟಿ ಇದೆ, ಅದನ್ನು ಡಾಂಬರಿನವರು ನೋಡಿಲ್ಲ, ಅಷ್ಟೆ. ಉದ್ದಕ್ಕೂ ಅಗೆದು, ಮಣ್ಣು ತುಂಬಿ, ಮೇಲೊಂದಿಷ್ಟು ಜಲ್ಲಿ ಸುರಿದು ಹೋಗುತ್ತಾರೆ. ರಸ್ತೆಯ ಅಂಕ ಇಳಿಯುತ್ತದೆ, ಆದರೆ ನಪಾಸಾಗುವಷ್ಟಲ್ಲ. ಮುಂದಿನ ವರ್ಷದ ಮುಂಜಾಗ್ರತಾ ಪಟ್ಟಿಯಲ್ಲಿ ಮೊದಲ ಸ್ಥಾನ ಪಡೆಯಲು ಎಷ್ಟು ಇಳಿಯಬೇಕೋ ಸರಿಯಾಗಿ ಅಷ್ಟೇ.