ಏರಿಯಾದ ಜಾತಕ

ಮೊದಲೆಲ್ಲ ಮನೆ ಕೊಳ್ಳುವವರು ನಲ್ಲಿ ತಿರುಗಿಸಿ ನೋಡುತ್ತಿದ್ದರು, ಗೋಡೆ ಸೋರುತ್ತಾ ಅಂತ ಕೈಯಿಟ್ಟು ನೋಡುತ್ತಿದ್ದರು. ಈಗ ಏರಿಯಾದ ಪ್ರೊಫೈಲ್ ಓದುತ್ತಾರೆ. ನಡುವಿನ ಬೆಲೆ, ಸರಾಸರಿ ವಯಸ್ಸು, ಆದಾಯ, ಓದು, ಬಾಡಿಗೆಗೆ ಇರುವವರು ಎಷ್ಟು, ಎಲ್ಲಾ ಅದರಲ್ಲಿದೆ. ಸೋರುವ ಗೋಡೆ ಮಾತ್ರ ಇಲ್ಲ.

ನಾನೂ ಒಂದನ್ನು ಹಿಡಿದು ಕೂತೆ. 'ಮನೆ ಬೆಲೆ ಶೇ. 8 ಏರಿಕೆ' ಅಂತ ದಪ್ಪಕ್ಷರದಲ್ಲಿತ್ತು. ಹೇಗೆ ಏರುತ್ತದೆ ಗೊತ್ತಾ? ಹೋದ ವರ್ಷ ಐದು ಮನೆ ಮಾರಾಟವಾದವು ಅಂದುಕೊಳ್ಳಿ. ಬೆಲೆ 30, 40, 50, 60, 70. ನಡುವಿನದು 50. ಈ ವರ್ಷ ಅಂಥ ಎಲ್ಲಾ ಮನೆಗಳ ಬೆಲೆಯೂ ಶೇ. 10 ಬಿತ್ತು. ಸಣ್ಣ ಮನೆ ಕೊಳ್ಳುವವರಿಗೆ ಸಾಲ ಸಿಗಲಿಲ್ಲ, ಹಾಗಾಗಿ ಕೆಳಗಿನ ಎರಡು ಬಿಕರಿಯೇ ಆಗಲಿಲ್ಲ. ಮಿಕ್ಕ ಮೂರು 45, 54, 63ಕ್ಕೆ ಹೋದವು. ನಡುವಿನದು ಈಗ 54, ಅಂದರೆ ಶೇ. 8 ಏರಿಕೆ! ಒಬ್ಬೊಬ್ಬರ ಮನೆಯ ಬೆಲೆಯೂ ಇಳಿದಿದೆ, ಏರಿಯಾದ ಬೆಲೆ ಏರಿದೆ. ಲೆಕ್ಕದಲ್ಲಿ ಒಂದಂಕಿ ತಪ್ಪಿಲ್ಲ. ಮಾರಿದವರ ಮುಖ ನೋಡಬೇಕಷ್ಟೇ.

ನಿವಾಸಿಗಳ ಪಟ್ಟಿ ಇನ್ನೂ ಮಜಾ. ಸರಾಸರಿ ವಯಸ್ಸು 45 ಅಂತಿತ್ತು. ವಾಹ್, ನನ್ನ ವಾರಿಗೆಯವರು ಅಂದುಕೊಂಡು ಬೀದಿ ನೋಡಲು ಹೋದೆ. ಒಂದು ಕಡೆ ಇಪ್ಪತ್ತರ ಹುಡುಗರ ಹಾಸ್ಟೆಲ್, ಎದುರಿಗೆ ಎಪ್ಪತ್ತು ದಾಟುತ್ತಿರುವವರ ವೃದ್ಧಾಶ್ರಮ. ನಲವತ್ತೈದರವನು ಇಡೀ ಬೀದಿಯಲ್ಲಿ ಒಬ್ಬನೇ. ಅವನು ನನಗೆ ಮನೆ ತೋರಿಸಲು ಬಂದ ಏಜೆಂಟು.

"ಇಲ್ಲಿ ಎಂಥಾ ಜನ ಇದ್ದಾರೆ?" ಅಂದೆ.

"ಒಳ್ಳೇ ಜನ ಸಾರ್."

ಒಳ್ಳೇ ಜನ ಅಂದರೆ ಯಾರು ಅಂತ ನಾನೂ ಕೇಳಲಿಲ್ಲ, ಅವನೂ ಹೇಳಲಿಲ್ಲ. ಹಿಂದಿನವರಿಗೆ ಇಷ್ಟು ನಾಚಿಕೆ ಇರಲಿಲ್ಲ ಬಿಡಿ. 1889ರಲ್ಲಿ ಸಮಾಜ ಸಂಶೋಧಕ ಚಾರ್ಲ್ಸ್ ಬೂತ್ ಲಂಡನ್ನಿನ ಬಡತನದ ನಕ್ಷೆ ಮಾಡಿ ಬೀದಿ ಬೀದಿಗೂ ಬಣ್ಣ ಬಳಿದರು. ಸಾಹುಕಾರರಿಗೆ ಹಳದಿ. ತೀರಾ ಕೆಳಗಿನವರಿಗೆ ಕಪ್ಪು, ಜೊತೆಗೆ 'ದುಷ್ಟರು, ಅರೆ ಅಪರಾಧಿಗಳು' ಅನ್ನುವ ಬಿರುದು. 1930ರ ದಶಕದಲ್ಲಿ ಅಮೆರಿಕದ ಸರ್ಕಾರಿ ಗೃಹಸಾಲ ಸಂಸ್ಥೆಯೂ ಬಣ್ಣದ ಡಬ್ಬಿ ತೆಗೆಯಿತು. ಸಾಲ ಕೊಡಲು ಎಷ್ಟು ಸುರಕ್ಷಿತ ಅನ್ನುವುದರ ಮೇಲೆ ಬಡಾವಣೆಗಳಿಗೆ ಹಸಿರು, ನೀಲಿ, ಹಳದಿ, ಕೆಂಪು. ಲಂಡನ್ನಿನಲ್ಲಿ ಸಾಹುಕಾರನಾಗಿದ್ದ ಹಳದಿ ಅಲ್ಲಿ ಮೂರನೇ ದರ್ಜೆಗೆ ಇಳಿಯಿತು ಪಾಪ. ಕೆಂಪು ಅಂದರೆ 'ಅಪಾಯಕಾರಿ'. ಕಪ್ಪು ಜನರ ಬಡಾವಣೆಗಳಿಗೆ ಸಿಕ್ಕಿದ್ದು ಹೆಚ್ಚಾಗಿ ಅದೇ ಬಣ್ಣ. ಗೋಡೆ ಗಟ್ಟಿಯಿದ್ದರೂ ಪಕ್ಕದ ಮನೆಯವರು ಸರಿಯಿಲ್ಲ, ಸಾಲ ಕೊಡುವವರಿಗೆ ಅಷ್ಟು ಸಾಕಿತ್ತು. ಮನೆ ಮಾರುವಾಗ ಜನಾಂಗ, ಧರ್ಮ ನೋಡಬಾರದು ಅಂತ ಅಲ್ಲಿ ಕಾನೂನು ಬಂದದ್ದು 1968ರಲ್ಲಿ. ಆಮೇಲೆ ಜಾಣರು ಜನರ ಸುದ್ದಿಗೇ ಹೋಗಲಿಲ್ಲ. "ಇಲ್ಲಿ ಶಾಲೆ ಚೆನ್ನಾಗಿದೆ" ಅಂದರು. ಕೇಳುವವರಿಗೆ ಅರ್ಥವಾಗುತ್ತದಲ್ವಾ?

ನಾನು ಮನೆ ತಗೊಂಡೆ. ಪ್ರೊಫೈಲಿನಲ್ಲಿದ್ದ ಸರಾಸರಿ ಆದಾಯ ನನ್ನದಕ್ಕಿಂತ ಜಾಸ್ತಿಯಿತ್ತು. ಅಂಥವರ ನಡುವೆ ಇದ್ದರೆ ನಮ್ಮ ಮರ್ಯಾದೆಯೂ ಒಂದು ಮೆಟ್ಟಿಲು ಏರುತ್ತದೆ ಅನ್ನೋ ಆಸೆ. ನನ್ನ ಹಾಗೇ ಲೆಕ್ಕ ಹಾಕಿದ ಇನ್ನೂ ನಾಲ್ಕು ಜನ ಅದೇ ತಿಂಗಳು ಬಂದರು.

ಈ ವರ್ಷದ ಪ್ರೊಫೈಲ್ ಬಂದಿದೆ. ಸರಾಸರಿ ಆದಾಯ ಇಳಿದಿದೆ. ನೆರೆಹೊರೆ ಯಾಕೋ ಕೆಡುತ್ತಿದೆ ಅಂತ ನಾವು ಐದೂ ಜನ ಮೊನ್ನೆ ಗೇಟಿನ ಹತ್ತಿರ ನಿಂತು ಮಾತಾಡಿಕೊಂಡೆವು.