ಹೂವನ್ನು ಅದರ ಪಾಡಿಗೆ ಉದುರಲು ಬಿಡಿ

ಸಾಕಾಗಿ ಹೋಯ್ತು ನನಗೆ! ವರ್ಷವಿಡೀ ಕಾದು ಮಾರ್ಚ್‌ನ ಒಂದು ಬೆಳಗ್ಗೆ ಕಬ್ಬನ್ ಪಾರ್ಕಿಗೆ ಹೋದರೆ, ಗುಲಾಬಿ ಟಬೆಬುಯಾ ಕೊಂಬೆಗೆ ಒಬ್ಬ ಜೋತುಬಿದ್ದು ಜಗ್ಗುತ್ತಿದ್ದ. ಕೆಳಗೆ ಮದುವೆ ನಿಶ್ಚಯವಾದ ಜೋಡಿ, ಎದುರಿಗೆ ಕ್ಯಾಮೆರಾ. ‘ಇನ್ನೊಂದ್ಸಲ ಅಲ್ಲಾಡ್ಸೋ, ಹೂ ಸಾಲ್ದು!’ ಅಂತ ಕೂಗು. ಅರಳಿದ್ದು, ಅರಳದ್ದು, ಹಸಿರು ತೊಟ್ಟಿನ ಮೊಗ್ಗು ಎಲ್ಲ ನೆಲದ ಪಾಲು. ಒಂದನ್ನು ಎತ್ತಿಕೊಂಡೆ. ತೆಳ್ಳನೆಯ ಎಸಳಿನ ಮೇಲೆ ಬೂಟಿನ ಅಚ್ಚು, ಒಳಗಿನ ಹಳದಿ ಗಂಟಲು ಮಾತ್ರ ಹಾಗೇ ಇತ್ತು. ಹೊಟ್ಟೆ ಉರಿಯದೆ ಇರುತ್ತದಾ?

1870ರ ತೋಟ ಇದು. ಮರ ಎಲೆ ಉದುರಿಸಿ ಮೈತುಂಬ ಹೂ ಬಿಡುವುದು ಕೆಲವೇ ದಿನ. ಅಷ್ಟಕ್ಕೂ ತಾಳ್ಮೆ ಇಲ್ಲವಾ? ದಿನಾ ಬೆಳಗ್ಗೆ ಇದೇ ಮರದಡಿ ಕೂರುವ ಅಜ್ಜ ಅಜ್ಜಿಯರು ಎಲ್ಲಿಗೆ ಹೋಗಬೇಕು?

ಹತ್ತಿರದ ಮ್ಯೂಸಿಯಂನಲ್ಲೂ ಇದೇ ಗೋಳು. ಹಂದಿಯೊಡನೆ ಕಾದಾಡಿ ಸತ್ತ ಕಾಳಿ ಎಂಬ ನಾಯಿಯ ನೆನಪಿಗೆ ನಿಲ್ಲಿಸಿದ ಆತಕೂರಿನ ಕಲ್ಲು, ಸಾವಿರ ವರ್ಷ ದಾಟಿದ್ದು. ಹೋದ ಸಲ ಅಂಥ ವೀರಗಲ್ಲಿಗೇ ಒಬ್ಬ ಬೆನ್ನು ಕೊಟ್ಟು, ಕಾಲು ಮಡಚಿ ಫೋಟೋಗೆ ನಿಂತಿದ್ದ! ಕೆತ್ತಿದ ಅಕ್ಷರದ ಮೇಲೆ ಬೆವರಿನ ಕೈ. ಅದು ಯಾರಪ್ಪನ ಮನೆ ಗೋಡೆ?