133 ಸಲ ತಪ್ಪಿದ ಪಂಚ್

ಅಪ್ಪ ಅಮ್ಮ ಊರಿಂದ ಬಂದು ಎರಡು ತಿಂಗಳಾಗಿತ್ತು. ನಯಾಗರ ಆಯ್ತು, ದೇವಸ್ಥಾನಗಳೂ ಆಯ್ತು. ಕೊನೇ ವಾರ ಇಬ್ಬರನ್ನೂ ನ್ಯೂಯಾರ್ಕಿನ ಗ್ರ್ಯಾಂಡ್ ಸೆಂಟ್ರಲ್ ಸ್ಟೇಷನ್ನಿನಲ್ಲಿ ರೈಲು ಹತ್ತಿಸಿ, ಹಡ್ಸನ್ ನದಿ ನೋಡಿಕೊಂಡು ಬೀಕನ್ ಅನ್ನೋ ಊರಿಗೆ ಹೋದೆವು. ಅಲ್ಲಿ ದಿಯಾ ಬೀಕನ್ ಅಂತ ಒಂದು ಮ್ಯೂಸಿಯಂ ಇದೆ. 1929ರ ಕಟ್ಟಡ. ನಬಿಸ್ಕೋ ಬಿಸ್ಕತ್ತಿನ ಡಬ್ಬಿಗಳು ಪ್ರಿಂಟ್ ಆಗುತ್ತಿದ್ದ ಕಾರ್ಖಾನೆ. 2003ರಲ್ಲಿ ಮ್ಯೂಸಿಯಂ ಆಯಿತು. ಅಪ್ಪ ಒಳಗೆ ಕಾಲಿಟ್ಟವರೇ ತಲೆ ಎತ್ತಿ ಚಾವಣಿ ನೋಡಿ, "ಇದು ನಾರ್ತ್ ಲೈಟು, ಉತ್ತರದ ಕಡೆಯಿಂದ ಬೆಳಕು ಬರೋ ಚಾವಣಿ. ಮೆಷಿನ್ ಶಾಪಿಗೆ ಹೀಗೇ ಕಟ್ಟೋದು" ಅಂದರು. ಕಲೆಯ ಬಗ್ಗೆ ಆಮೇಲೂ ಅವರು ಜಾಸ್ತಿ ಏನೂ ಹೇಳಲಿಲ್ಲ.

ನಾವು ನೋಡಲು ಹೋಗಿದ್ದು ತೆಹ್‌ಚಿಂಗ್ ಶೇ ಅವರ ಪ್ರದರ್ಶನ, 2025ರ ಅಕ್ಟೋಬರ್‌ನಲ್ಲಿ ಶುರುವಾಗಿದ್ದು. ತೈವಾನಿನ ಮನುಷ್ಯ. ಹಡಗಿನಲ್ಲಿ ಕೆಲಸ ಹಿಡಿದು 1974ರಲ್ಲಿ ಫಿಲಡೆಲ್ಫಿಯಾ ಹತ್ತಿರ ಇಳಿದು ತಪ್ಪಿಸಿಕೊಂಡವರು. 1988ರವರೆಗೆ ಅಮೆರಿಕದಲ್ಲಿ ಇರಲು ಕೈಯಲ್ಲಿ ಕಾಗದಪತ್ರ ಇರಲಿಲ್ಲ. ಹೋಟೆಲುಗಳಲ್ಲಿ ಪಾತ್ರೆ ತೊಳೆದು, ನೆಲ ಒರೆಸಿ ಬದುಕಿದರು. ಅದರ ನಡುವೆ ಒಂದೊಂದು ವರ್ಷದ ಐದು ಪರ್ಫಾರ್ಮೆನ್ಸ್ ಮಾಡಿದರು, ಅಂದರೆ ತಾವು ಬದುಕುವುದನ್ನೇ ಕಲೆಯಾಗಿ ಮಾಡಿದರು.

ಅದರಲ್ಲಿ ಎರಡನೆಯದು ಟೈಮ್ ಕ್ಲಾಕ್, ಕಾರ್ಖಾನೆಗಳಲ್ಲಿ ಹಾಜರಿ ಕಾರ್ಡಿನ ಮೇಲೆ ಸಮಯ ಒತ್ತುವ ಗಡಿಯಾರ. 1980ರ ಏಪ್ರಿಲ್ 11ರಿಂದ ಒಂದು ವರ್ಷ, ಗಂಟೆಗೊಂದು ಸಲ ಕಾರ್ಡ್ ಪಂಚ್ ಮಾಡಬೇಕು. ಹಗಲೂ ರಾತ್ರಿಯೂ. ಅಂದರೆ ಒಂದು ಗಂಟೆಗಿಂತ ಜಾಸ್ತಿ ಒಂದೇ ಸಮ ಮಲಗುವಂತಿಲ್ಲ. (ಮಗಳು ಹುಟ್ಟಿದ ಮೊದಲ ಮೂರು ತಿಂಗಳು ನಾವು ಹೀಗೇ ಇದ್ದೆವು. ಅದಕ್ಕೇ ನಮ್ಮ ತಲೆ ಕೆಟ್ಟಿತ್ತು.) ಪ್ರತಿ ಪಂಚ್‌ಗೂ ಕ್ಯಾಮೆರಾ ಒಂದು ಫ್ರೇಮ್ ಹಿಡಿಯುತ್ತದೆ. ಸಿನಿಮಾ ಸೆಕೆಂಡಿಗೆ 24 ಫ್ರೇಮ್ ಓಡುತ್ತೆ ಅಲ್ವಾ? ಹಾಗಾಗಿ ಆ ಮನುಷ್ಯನ ಒಂದು ದಿನ ಪರದೆ ಮೇಲೆ ಒಂದು ಸೆಕೆಂಡು. ಇಡೀ ವರ್ಷ ಆರು ನಿಮಿಷ. ಶುರುವಿನಲ್ಲಿ ತಲೆ ಬೋಳು. ಪಕ್ಕದ ಗಡಿಯಾರದ ಮುಳ್ಳು ಗರಗರ ತಿರುಗುತ್ತಿದ್ದ ಹಾಗೆ ಕೂದಲು ಬೆಳೆದು ಭುಜಕ್ಕೆ ಬರುತ್ತದೆ. ಮುಖ ಮಾತ್ರ ಸಣ್ಣಗೆ ನಡುಗುತ್ತಲೇ ಇರುತ್ತದೆ.

ಸುತ್ತ ಗೋಡೆ ತುಂಬ ಕಾರ್ಡುಗಳು, ದಿನಕ್ಕೊಂದರಂತೆ. ಸುಳ್ಳು ಪಂಚ್ ಅಂತ ಯಾರೂ ಹೇಳಬಾರದು ಅಂತ ಅವಕ್ಕೆ ಒಬ್ಬ ಸಾಕ್ಷಿಯ ಸಹಿ ಬೇರೆ.

ನಾನು ಸಿನಿಮಾ ನೋಡುತ್ತಾ ನಿಂತಿದ್ದೆ. ಅಪ್ಪ ಕನ್ನಡಕ ಹಣೆಗೇರಿಸಿ ಬೇರೆ ಏನೋ ಓದುತ್ತಿದ್ದರು. ತಪ್ಪಿದ ಪಂಚ್‌ಗಳ ಲೆಕ್ಕ. ವರ್ಷಕ್ಕೆ 8,760 ಗಂಟೆ, ಅದರಲ್ಲಿ 133 ತಪ್ಪಿದ್ದು. ನಿದ್ದೆ ಹೋಗಿದ್ದು 94, ತಡ ಆಗಿದ್ದು 29, ಬೇಗ ಪಂಚ್ ಮಾಡಿದ್ದು 10. ಅಪ್ಪ ಬೆರಳು ಮಡಿಸಿ ಕೂಡಿಸಿ, "ಲೆಕ್ಕ ಸರಿ ಇದೆ" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಬೇಗ ಬಂದಿದ್ದನ್ನೂ ತಪ್ಪು ಅಂತ ಬರೆದಿದಾನೆ ನೋಡು. ನಮ್ಮಲ್ಲಿ ಬೇಗ ಬಂದ್ರೆ ಯಾರೂ ಕೇಳ್ತಿರಲಿಲ್ಲ. ಹತ್ತು ನಿಮಿಷ ತಡ ಆದ್ರೆ ಅರ್ಧ ದಿನ ಕಟ್." ಮೂವತ್ತೊಂದು ವರ್ಷ ಕಾರ್ಡ್ ಒತ್ತಿದ ಮನುಷ್ಯ. ನನಗೆ ಹೊಳೆಯದೇ ಇದ್ದದ್ದು ಅವರಿಗೆ ನಿಂತ ಜಾಗದಲ್ಲೇ ಹೊಳೆಯಿತು.

ನಮ್ಮ ವಾಟ್ಸ್ಆ್ಯಪ್ ಗುಂಪಿನಲ್ಲಿ ಫೋಟೋ ಹಾಕಿದ್ದೇ ತಡ, ಎಲ್ಲರೂ ಹಿಡಿದುಕೊಂಡರು. "ಇದು ಆರ್ಟಾ?" "ಕೆಲಸ ಇಲ್ಲದವನು." "ನಾನೂ ಮಾಡಬಲ್ಲೆ." ಕೊನೆಯದಕ್ಕೆ ಉತ್ತರ ಸುಲಭ. ಇವತ್ತು ರಾತ್ರಿ ಒಂದು, ಎರಡು, ಮೂರು ಗಂಟೆಗೆ ಎದ್ದು ನನಗೊಂದು ಮೆಸೇಜ್ ಹಾಕಪ್ಪಾ. ಕೆಲಸ ಇಲ್ಲದವನು ಅನ್ನೋದು ಮಾತ್ರ ನನಗೆ ಚುಚ್ಚಿತು. ಬ್ಯಾಂಕಿನಲ್ಲಿ ದುಡ್ಡಿಲ್ಲ, ಜೇಬಿನಲ್ಲಿ ಕಾಗದ ಇಲ್ಲ, ಭಾಷೆಯೂ ನೆಟ್ಟಗಿಲ್ಲ. ಅಂಥವನ ಹತ್ತಿರ ಖರ್ಚು ಮಾಡಲು ಇದ್ದದ್ದು ಹೊತ್ತು ಒಂದೇ. ಗ್ರೀನ್ ಕಾರ್ಡ್ ಕ್ಯೂನಲ್ಲಿ ಹನ್ನೊಂದನೇ ವರ್ಷ ನಿಂತಿರುವ ನನಗೆ ಅದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಅಮ್ಮನ ಪ್ರಶ್ನೆ ಬೇರೆ ಇತ್ತು. "ಯಾವ ದೇವರಿಗೆ ಹರಕೆ ಇದು?" ಮೊದಲು ನಗು ಬಂತು. ಆಮೇಲೆ ಗೋಡೆ ಮೇಲಿದ್ದ ಶೇ ಅವರ ಹೇಳಿಕೆ ಓದಿದೆ. ಪ್ರತಿ ಪರ್ಫಾರ್ಮೆನ್ಸಿಗೂ ಮುಂಚೆ ಟೈಪ್ ಮಾಡಿ ಸಹಿ ಹಾಕುತ್ತಿದ್ದರು. ಇಂಥ ಹೆಸರಿನ ನಾನು, ಇಂಥ ತಾರೀಕಿನಿಂದ ಇಂಥ ತಾರೀಕಿನವರೆಗೆ, ಇದನ್ನು ಮಾಡುತ್ತೇನೆ, ಇದನ್ನು ಮಾಡುವುದಿಲ್ಲ. ಇದು ಸಂಕಲ್ಪ ಅಲ್ಲದೆ ಇನ್ನೇನು? ಪುರೋಹಿತರು ಅಕ್ಷತೆ ಕೊಟ್ಟು ಹೇಳಿಸುವುದೂ ಇದನ್ನೇ. ಒಂದೇ ವ್ಯತ್ಯಾಸ, ಇವರ ಸಂಕಲ್ಪದಲ್ಲಿ ಆಯುರಾರೋಗ್ಯ ಐಶ್ವರ್ಯದ ಸಾಲು ಇಲ್ಲ. ಕೇಳಿಕೊಳ್ಳುವುದು ಏನೂ ಇಲ್ಲ. ಅಮ್ಮನಿಗೆ ಅದು ಒಪ್ಪಿಗೆ ಆಗಲಿಲ್ಲ. "ಏನೂ ಬೇಡ ಅಂದ್ರೆ ಯಾಕೆ ಮಾಡಬೇಕು?"

ಎಲ್ಲವೂ ನನಗೆ ಹಿಡಿಸಿತು ಅಂತಲ್ಲ. ಮೊದಲ ಪರ್ಫಾರ್ಮೆನ್ಸಿನಲ್ಲಿ ವರ್ಷವಿಡೀ ಪಂಜರದಲ್ಲಿ ಕೂತಿದ್ದರು, ಮಾತಿಲ್ಲ, ಓದಿಲ್ಲ, ಟೀವಿ ಇಲ್ಲ. ಆದರೆ ಮ್ಯೂಸಿಯಂನ ಬಿಳಿ ಗೋಡೆ, ತಣ್ಣನೆ ಬೆಳಕಿನಲ್ಲಿ ಆ ವರ್ಷದ ವಾಸನೆ ಎಲ್ಲಿ ಬರುತ್ತೆ? ಐದೂ ಮುಗಿದ ಮೇಲಿನ ಹದಿಮೂರು ವರ್ಷದ ಯೋಜನೆಯಂತೂ, ಕಲೆ ಮಾಡುತ್ತೇನೆ ಆದರೆ ಯಾರಿಗೂ ತೋರಿಸಲ್ಲ ಅನ್ನೋದು, ನನ್ನನ್ನು ತಟ್ಟಲಿಲ್ಲ. ನನ್ನನ್ನು ನಿಜವಾಗಿ ಹಿಡಿದು ನಿಲ್ಲಿಸಿದ್ದು ಮೂರನೆಯ ಪರ್ಫಾರ್ಮೆನ್ಸ್. 1981ರ ಸೆಪ್ಟೆಂಬರ್‌ನಿಂದ ಒಂದು ವರ್ಷ ಯಾವ ಸೂರಿನ ಕೆಳಗೂ ಹೋಗಬಾರದು. ನ್ಯೂಯಾರ್ಕಿನ ಚಳಿಗಾಲವೂ ಬೀದಿಯಲ್ಲೇ. ಎಲ್ಲಿ ಉಂಡೆ, ಎಲ್ಲಿ ಮಲಗಿದೆ ಅಂತ ದಿನಾ ಒಂದು ಮ್ಯಾಪ್ ಮೇಲೆ ಗುರುತು. ಒಂದೇ ಒಂದು ಸಲ ಪೊಲೀಸರು ಹಿಡಿದು 15 ಗಂಟೆ ಒಳಗಿಟ್ಟರು. ಒಳಗೆ ಎಳೆದುಕೊಂಡು ಹೋಗುವಾಗ ಅವರು ಕಿರುಚಾಡುವುದು ವಿಡಿಯೋದಲ್ಲಿದೆ. ಬೆಚ್ಚಗಿನ ಕಟ್ಟಡದೊಳಗೆ ಹೋಗಲ್ಲ ಅಂತ ಒಬ್ಬ ಮನುಷ್ಯ ಹಾಗೆ ಅರಚುವುದನ್ನು ಎರಡನೇ ಸಲ ನೋಡಲು ನನ್ನ ಕೈಲಿ ಆಗಲಿಲ್ಲ.

ಹಗ್ಗದ ಕೋಣೆಯಲ್ಲಿ ಅಮ್ಮ ಗೆಲುವಾದರು. 1983ರ ಜುಲೈ 4ರಿಂದ ಲಿಂಡಾ ಮೊಂಟಾನೋ ಅನ್ನುವ ಕಲಾವಿದೆಯ ಜೊತೆ ಎಂಟು ಅಡಿ ಹಗ್ಗದಲ್ಲಿ ಸೊಂಟಕ್ಕೆ ಸೊಂಟ ಕಟ್ಟಿಕೊಂಡು ಒಂದು ವರ್ಷ ಇದ್ದರು, ಒಬ್ಬರನ್ನೊಬ್ಬರು ಮುಟ್ಟುವಂತಿಲ್ಲ ಅಂತ ವಿವರಿಸಿದೆ. ಅಮ್ಮ ಅಪ್ಪನ ಕಡೆ ಒಂದು ಸಲ ನೋಡಿ, "ಒಂದೇ ವರ್ಷಾನಾ? ಆಮೇಲೆ ಬಿಚ್ಚಿಬಿಟ್ರಾ?" ಅಂದರು.

ವಾಪಸ್ ಹೊರಡುವಾಗ ಅಪ್ಪ ಹೊರಗಡೆ ನಿಂತೇಬಿಟ್ಟರು. ರೈಲಿಗೆ ಹೊತ್ತಾಗುತ್ತೆ ಬನ್ನಿ ಅಂದೆ. "ತಡಿ ಮಾರಾಯ, ಇದು ಕಾರ್ಖಾನೆ ಆಗಿದ್ದಾಗ ಪಂಚ್ ಗಡಿಯಾರ ಯಾವ ಬಾಗಿಲಲ್ಲಿ ಇಟ್ಟಿರಬಹುದು?" ಮೂವರೂ ಕಟ್ಟಡದ ಈ ತುದಿಯಿಂದ ಆ ತುದಿಗೆ ನಡೆದೆವು. ಅಪ್ಪ ಒಂದು ಬಾಗಿಲು ಆರಿಸಿ ಅದರ ಮುಂದೆ ನಿಂತು ಫೋಟೋ ತೆಗೆಸಿಕೊಂಡರು. 4.15ರ ರೈಲು ತಪ್ಪಿತು.